ಒಂದು ದಿನದ ಮೈಸೂರು: ನೋಡುವುದೇನು, ಬಿಡುವುದೇನು?

ಮೈಸೂರಿಗೆ ಒಂದು ದಿನದ ಪ್ರವಾಸ ಎಂದರೆ ಪ್ರವಾಸಿ ಬಸ್ಸುಗಳು ಹಿಡಿಯುವ ಹಾದಿ ಬಹುಕಾಲದಿಂದ ಒಂದೇ. ನಸುಕಿನಲ್ಲಿ ಬೆಂಗಳೂರು ಬಿಟ್ಟು, ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ ಪಡೆದು, ಗುಂಬಜ್ ಮತ್ತು ದರಿಯಾ ದೌಲತ್‌ಗಳಲ್ಲಿ ಅರ್ಧರ್ಧ ಗಂಟೆ ಇಳಿಸಿ ಹತ್ತಿಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಮೈಸೂರು ಸೇರುವುದು. ಬಳಿಕ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟಗಳನ್ನು ಮುಗಿಸಿ ಸಂಜೆ ಬೃಂದಾವನದ ಕಾರಂಜಿಗೆ ಓಡುವುದು. ಇಷ್ಟೆಲ್ಲ ನೋಡಿಯೂ ಮೈಸೂರು ಎಂಬ ಊರನ್ನು ಪ್ರವಾಸಿ ನೋಡಿರುವುದಿಲ್ಲ. ಅವನ ದಿನದ ಬಹುಭಾಗ ಬಸ್ಸಿನ ಕಿಟಕಿಯ ಬಳಿ ಮತ್ತು ಟಿಕೆಟ್ ಸಾಲಿನಲ್ಲಿ ಕಳೆದಿರುತ್ತದೆ.

ಒಂದೇ ದಿನ ಕೈಯಲ್ಲಿದ್ದರೆ ಶ್ರೀರಂಗಪಟ್ಟಣವನ್ನು ಬೇರೊಂದು ದಿನಕ್ಕೆ ಇಟ್ಟುಕೊಳ್ಳುವುದು ಲೇಸು. ಅದು ಮೈಸೂರಿನ ಹಾದಿಯಲ್ಲಿ ಸಿಗುವ ತಂಗುದಾಣವಲ್ಲ. ರಾಜ ಒಡೆಯರ್ 1610ರಲ್ಲಿ ವಶಪಡಿಸಿಕೊಂಡಂದಿನಿಂದ 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿಯುವವರೆಗೂ ರಾಜ್ಯದ ರಾಜಧಾನಿಯಾಗಿದ್ದ ಕೋಟೆ. ಆ ಅವಧಿಯಲ್ಲಿ ಮೈಸೂರು ಹಿಂದೆ ಸರಿದಿದ್ದ ಊರು. ಟಿಪ್ಪುವಿನ ಕಾಲದಲ್ಲಿ ಇಲ್ಲಿನ ಹಳೆಯ ಕೋಟೆಯನ್ನು ಕೆಡವಿ, ಸಮೀಪದಲ್ಲೇ ಹೊಸ ಕೋಟೆ ಕಟ್ಟಲು ಹೊರಡಲಾಗಿತ್ತು. ಆ ಹೊಸ ಕೋಟೆಯ ಹೆಸರು ನಜರಬಾದ್. ಇಂದಿಗೂ ಅದು ಬಡಾವಣೆಯೊಂದರ ಹೆಸರಾಗಿ ಉಳಿದಿದೆ. ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ 1799ರಲ್ಲಿ ಪಟ್ಟಕಟ್ಟಿದ ಮೇಲೆ ರಾಜಧಾನಿ ಮತ್ತೆ ಮೈಸೂರಿಗೆ ಬಂತು. ಆದ್ದರಿಂದ ನಾವಿಂದು ‘ಪುರಾತನ’ ಎಂದು ಬೆರಗಿನಿಂದ ನೋಡುವ ಮೈಸೂರಿನ ಬಹುಪಾಲು ಕಟ್ಟಡಗಳು ಇನ್ನೂರು ವರ್ಷಗಳಿಗಿಂತ ಈಚಿನವು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಊರು ಸುಲಭವಾಗಿ ಅರ್ಥವಾಗುತ್ತದೆ.

ದಿನವನ್ನು ಬೆಟ್ಟದಿಂದ ಆರಂಭಿಸಬೇಕು. ಬಿಸಿಲೇರುವ ಮುನ್ನ ಹೋದರೆ ಜನಸಂದಣಿ ಕಡಿಮೆ, ಗಾಳಿ ತಂಪು. ಕಾಲಲ್ಲಿ ಬಲವಿದ್ದವರು ಸಾವಿರದಷ್ಟು ಮೆಟ್ಟಿಲುಗಳ ದಾರಿಯನ್ನು ಹಿಡಿಯಬಹುದು. ಏರಲಾರದವರು ವಾಹನದಲ್ಲಿ ಮೇಲೆ ಹೋಗಿ ದೇವಿಯ ದರ್ಶನ ಮುಗಿಸಿ, ಮೆಟ್ಟಿಲ ಹಾದಿಯಲ್ಲಿ ನಂದಿಯವರೆಗೆ ಇಳಿದುಬಂದರೂ ಸಾಕು. ಒಂದೇ ಬಂಡೆಯಲ್ಲಿ ಕಡೆದ ಈ ನಂದಿಯೂ ಮೆಟ್ಟಿಲುಗಳೂ ದೊಡ್ಡದೇವರಾಜ ಒಡೆಯರ ಕಾಲದವು, ಅಂದರೆ ಹದಿನೇಳನೆಯ ಶತಮಾನದವು. ದೇಗುಲದ ಮೇಲಿನ ಗೋಪುರ ಮಾತ್ರ 1827ರಲ್ಲಿ ಮುಮ್ಮಡಿಯವರು ಕಟ್ಟಿಸಿದ್ದು. ನಂದಿಯ ಬಳಿಯಿಂದಲೋ ರಸ್ತೆಯ ತಿರುವಿನಿಂದಲೋ ಊರನ್ನೊಮ್ಮೆ ನಿಂತು ನೋಡಬೇಕು. ನಡುವೆ ಅರಮನೆ, ಅದರಿಂದ ಹೊರಟ ಅಗಲ ರಸ್ತೆಗಳು, ಒಂದು ಬದಿಗೆ ಬಿಳಿಯ ಲಲಿತಮಹಲು. ವೈಸ್‌ರಾಯ್‌ರ ವಾಸ್ತವ್ಯಕ್ಕೆಂದು 1921ರಲ್ಲಿ ಕಟ್ಟಿಸಿದ ಆ ಅರಮನೆಯನ್ನು ಇಲ್ಲಿಂದಲೇ ನೋಡಿ ಸುಮ್ಮನಾಗಬಹುದು. ಒಂದು ದಿನದ ಪ್ರವಾಸಿಗೆ ಅಷ್ಟು ಸಾಕು.

ಹತ್ತು ಗಂಟೆಗೆ ಅಂಬಾವಿಲಾಸ ಅರಮನೆಯ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೇ ಅಲ್ಲಿರುವುದು ಜಾಣತನ. ಶಾಲಾಮಕ್ಕಳ ಬಸ್ಸುಗಳು ಬಂದು ನಿಂತ ಮೇಲೆ ಒಳಗೆ ನಿಂತು ನೋಡುವ ಮಾತಿಲ್ಲ, ಗುಂಪು ತಳ್ಳಿದತ್ತ ಸಾಗುವುದಷ್ಟೆ. ಪಾದರಕ್ಷೆಗಳನ್ನು ಹೊರಗೇ ಬಿಡಬೇಕು.

ಈ ಅರಮನೆ ಹುಟ್ಟಿದ್ದು ಬೆಂಕಿಯಿಂದ. ಇದೇ ಜಾಗದಲ್ಲಿದ್ದ ಮರದ ಹಳೆಯ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಹೊತ್ತಿ ಉರಿಯಿತು. ಚಾಮರಾಜೇಂದ್ರ ಒಡೆಯರ್ 1894ರಲ್ಲೇ ಕಲ್ಕತ್ತೆಯಲ್ಲಿ ತೀರಿಕೊಂಡಿದ್ದರು. ಉತ್ತರಾಧಿಕಾರಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕ. ಆಡಳಿತ ನಡೆಸುತ್ತಿದ್ದವರು ರಾಜಮಾತೆ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆಯ ಕೆಲಸವನ್ನು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಗೆ ಒಪ್ಪಿಸಿದ್ದು ಅವರೇ. 1912ರಲ್ಲಿ ಮುಗಿದಾಗ ಆದ ವೆಚ್ಚ ನಲವತ್ತೊಂದು ಲಕ್ಷ ರೂಪಾಯಿಗೂ ಅಧಿಕ. ಹಳೆಯದು ಮರದ್ದಾಗಿದ್ದು ಸುಟ್ಟುಹೋದ ಕಾರಣ ಹೊಸದಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣಗಳನ್ನು ಧಾರಾಳವಾಗಿ ಬಳಸಲಾಯಿತು. ಕಲ್ಯಾಣಮಂಟಪದ ಎರಕದ ಕಂಬಗಳು ಗ್ಲಾಸ್ಗೋದಿಂದ ಹಡಗಿನಲ್ಲಿ ಬಂದವು. ಅವುಗಳ ಮೇಲೆ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿ.

ಬಹುಪಾಲು ಪ್ರವಾಸಿಗರು ಈ ಮಂಟಪದಲ್ಲಿ ತಲೆಯೆತ್ತಿ ಚಾವಣಿಯನ್ನು ನೋಡಿ ಮುಂದೆ ಸಾಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅರಮನೆಯ ನಿಜವಾದ ಸಂಪತ್ತು ಸುತ್ತಲಿನ ಗೋಡೆಯ ಮೇಲಿದೆ. ದಸರಾ ಜಂಬೂಸವಾರಿಯನ್ನು ಛಾಯಾಚಿತ್ರಗಳ ಆಧಾರದಿಂದ ಬರೆದ ಚಿತ್ರಸರಣಿ ಅಲ್ಲಿದೆ. ಆನೆ, ಕುದುರೆ, ವಾದ್ಯದವರು, ಪೇಟ ಸುತ್ತಿದ ಅಧಿಕಾರಿಗಳು, ಹಾದಿಯ ಇಕ್ಕೆಲದ ಜನರು, ಹಿನ್ನೆಲೆಯಲ್ಲಿ ಅಂದಿನ ಊರಿನ ಕಟ್ಟಡಗಳು. ಇವುಗಳ ಮುಂದೆ ಹದಿನೈದು ನಿಮಿಷ ನಿಂತರೆ, ಆಮೇಲೆ ಬೀದಿಗಿಳಿದಾಗ ಸಯ್ಯಾಜಿರಾವ್ ರಸ್ತೆ ಬರಿಯ ರಸ್ತೆಯಾಗಿ ಕಾಣುವುದಿಲ್ಲ. 750 ಕೆ.ಜಿ. ತೂಕದ ಚಿನ್ನದ ಅಂಬಾರಿಯೂ ಇದೇ ಅರಮನೆಯ ಆಸ್ತಿ. ಹಿಂದೆ ಅದರಲ್ಲಿ ಮಹಾರಾಜರು ಕುಳಿತು ಸಾಗುತ್ತಿದ್ದರು. ಈಗ ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತದೆ.

ಅರಮನೆಯಿಂದ ಹೊರಬಂದೊಡನೆ ವಾಹನ ಹತ್ತದಿರಿ. ಇಲ್ಲಿಂದ ಮುಂದಿನ ಎರಡು ಗಂಟೆ ನಡಿಗೆಗೆ ಮೀಸಲಾಗಿರಲಿ. ನಡೆಯಲಾರದ ಹಿರಿಯರಿದ್ದರೆ ಟಾಂಗಾಗಳುಂಟು. ಚಾಮರಾಜ ವೃತ್ತ, ಅದರ ಸಮೀಪವೇ 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆಯ ನೌಕರರು ಕಟ್ಟಿಸಿದ ದೊಡ್ಡ ಗಡಿಯಾರ, ಕೃಷ್ಣರಾಜ ವೃತ್ತ, ದೇವರಾಜ ಮಾರುಕಟ್ಟೆ: ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಇವು ಹೀಗೆ ಒಂದಕ್ಕೊಂದು ಎದುರುಬದುರಾಗಿ, ಅಗಲ ರಸ್ತೆಗಳ ತುದಿಯಲ್ಲಿ ನಿಂತಿರುವುದು ಆಕಸ್ಮಿಕವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಬಂದೆರಗಿದಾಗ ಕೋಟೆಯ ಸುತ್ತಲಿನ ಇಕ್ಕಟ್ಟಾದ ಕೇರಿಗಳು ತತ್ತರಿಸಿದವು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ರಚನೆಯಾಗಿ, ಗಾಳಿ ಬೆಳಕಿರುವ ಬಡಾವಣೆಗಳು, ಚರಂಡಿಗಳು, ಉದ್ಯಾನಗಳು ಬಂದವು. ಪ್ರವಾಸಿಗರು ಮೆಚ್ಚುವ ‘ಮೈಸೂರಿನ ನೆಮ್ಮದಿ’ಯ ಹಿಂದೆ ಒಂದು ಮಹಾಮಾರಿಯ ಭಯವಿದೆ.

ದೇವರಾಜ ಮಾರುಕಟ್ಟೆಯಲ್ಲಿ ಕೊಳ್ಳುವುದೇನೂ ಇಲ್ಲದಿದ್ದರೂ ಒಳಹೊಕ್ಕು ಬರಬೇಕು. ಮೊಳದ ಲೆಕ್ಕದ ಮಲ್ಲಿಗೆ, ಕಟ್ಟು ಕಟ್ಟಾಗಿ ಜೋಡಿಸಿದ ವೀಳ್ಯದೆಲೆ, ಗೋಪುರದಂತೆ ಒಟ್ಟಿದ ಕುಂಕುಮ ಮತ್ತು ಬಣ್ಣದ ಪುಡಿಗಳು, ಅಗರಬತ್ತಿಯ ಘಮಲು. ಆದರೆ ಈ ಮಾರುಕಟ್ಟೆಯನ್ನು ನೋಡುವಾಗ ಕಣ್ಣು ಗೋಡೆ ಚಾವಣಿಗಳ ಕಡೆಗೂ ಹೊರಳಬೇಕು. ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಮಾರುಕಟ್ಟೆಯದೇ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಉರುಳಿತು. 2022ರ ಅಕ್ಟೋಬರ್ ಮಳೆಗೆ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ.

ಮೂರೂ ಮಳೆಗಾಲದ ದಿನಗಳು ಎಂಬುದು ಗಮನಾರ್ಹ. ಈ ಕಟ್ಟಡಗಳು ಸುಣ್ಣದ ಗಾರೆಯವು. ಸುಣ್ಣದ ಗೋಡೆ ನೀರನ್ನು ಹೀರಿದರೂ ಬಿಸಿಲು ಬಂದಾಗ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗಾರೆ ಪುಡಿಯಾಗುತ್ತದೆ, ಚಾವಣಿ ಹೊತ್ತ ಮರದ ತೊಲೆಯ ತುದಿ ಕೊಳೆಯುತ್ತದೆ. ಕಟ್ಟಿಕೊಂಡ ಮಳೆನೀರಿನ ದೋಣಿ, ಗೋಡೆಯಲ್ಲಿ ಬೇರುಬಿಟ್ಟ ಅರಳಿ ಸಸಿ ಉಳಿದ ಕೆಲಸವನ್ನು ಮುಗಿಸುತ್ತವೆ. ಲ್ಯಾನ್ಸ್‌ಡೌನ್ ಮತ್ತು ಮಾರುಕಟ್ಟೆಗಳನ್ನು ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷ, ದುರಸ್ತಿ ಮಾಡಿ ಉಳಿಸಬೇಕೆಂದು ಇನ್ನೊಂದು ಪಕ್ಷ. ತಜ್ಞರಲ್ಲೂ ಒಮ್ಮತವಿಲ್ಲದೆ ವಿವಾದ ಹೈಕೋರ್ಟ್‌ನವರೆಗೆ ಹೋಯಿತು. ಒಳಗೆ ಅಂಗಡಿಯಿಟ್ಟು ಬದುಕುವವರ ಜೀವಭಯವನ್ನು ಅಲ್ಲಗಳೆಯಲಾಗದು. ಹಾಗೆಂದು ಹೊಸ ಕಾಂಕ್ರೀಟಿನ ಮೇಲೆ ಹಳೆಯ ಕಮಾನು ಅಂಟಿಸಿದರೆ ಅದು ಪಾರಂಪರಿಕ ಕಟ್ಟಡವಾಗುವುದೂ ಇಲ್ಲ. ಅರಮನೆಗೆ ಬರುವ ಲಕ್ಷಾಂತರ ಜನರಲ್ಲಿ ಕೆಲವರಾದರೂ ಇಲ್ಲಿಗೆ ಬಂದು ನೋಡಿದರೆ, ಈ ಕಟ್ಟಡಗಳನ್ನು ಕೇಳುವವರಿದ್ದಾರೆಂದು ಆಡಳಿತಕ್ಕೆ ತಿಳಿದೀತು.

ಊಟದ ನಂತರ ಜಗನ್ಮೋಹನ ಅರಮನೆ. 1861ರಲ್ಲಿ ಕಟ್ಟಿದ ಇದರಲ್ಲೇ 1902ರಲ್ಲಿ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರು ರಾಜ್ಯಾಧಿಕಾರ ವಹಿಸಿಕೊಂಡರು. 1915ರಿಂದ ಇದು ಚಿತ್ರಶಾಲೆ. ರವಿವರ್ಮನ ಮೂಲಚಿತ್ರಗಳೂ, ಹಳದಣ್‌ಕರ್ ಬರೆದ ದೀಪ ಹಿಡಿದ ಯುವತಿಯ ಜಲವರ್ಣ ಚಿತ್ರವೂ ಇಲ್ಲಿವೆ. ಹೋಗುವ ಮುನ್ನ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಚಿತ್ರಗಳಲ್ಲಿ ಆಸಕ್ತಿಯಿಲ್ಲದ ಮಕ್ಕಳು ಜೊತೆಗಿದ್ದರೆ ಇದನ್ನು ಬಿಟ್ಟು 1892ರಲ್ಲಿ ಸ್ಥಾಪನೆಯಾದ ಮೃಗಾಲಯಕ್ಕೆ ಹೋಗಬಹುದು. ಮಂಗಳವಾರ ಅದಕ್ಕೆ ರಜೆ. ಎರಡನ್ನೂ ಒಂದೇ ಮಧ್ಯಾಹ್ನದಲ್ಲಿ ಸೇರಿಸಿದರೆ ಎರಡೂ ಕೆಡುತ್ತವೆ. ಪುಸ್ತಕಪ್ರಿಯರು ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡವನ್ನು ಹೊರಗಿನಿಂದಲಾದರೂ ಕಾಣಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು ಈ ಸಂಸ್ಥೆಯಿಂದ.

ಇನ್ನು ಸಂಜೆಯ ಪ್ರಶ್ನೆ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಅರಮನೆಗೆ ದೀಪಾಲಂಕಾರವಿರುತ್ತದೆ. ಹತ್ತಿರಹತ್ತಿರ ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವ ಆ ಕ್ಷಣಕ್ಕಾಗಿ ಬೃಂದಾವನವನ್ನು ಬಿಡಬಹುದು. ಸುಮಾರು 20 ಕಿ.ಮೀ. ದೂರದ ಕನ್ನಂಬಾಡಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ಮರಳಲು ಸಾಧ್ಯವಿಲ್ಲ. ದೀಪಗಳಿಲ್ಲದ ದಿನ ಬಂದವರು ಅಲ್ಲಿಗೆ ಹೋಗಲಿ, ಆದರೆ ಬೆಳಕಿರುವಾಗಲೇ ತಲುಪಿ ಮೊದಲು ಅಣೆಕಟ್ಟೆಯತ್ತ ಕಣ್ಣು ಹಾಯಿಸಲಿ. ಕಾರಂಜಿಯ ಕುಣಿತಕ್ಕಿಂತ ಮಂಡ್ಯದ ಬಯಲಿಗೆ ನೀರು ಹರಿಸಿದ ಆ ಕಲ್ಲಿನ ಗೋಡೆ ದೊಡ್ಡದು.

ದೀಪಾಲಂಕಾರ ನೋಡುವವರು ಸಮಯವನ್ನು ಮೊದಲೇ ತಿಳಿದುಕೊಂಡು, ಕತ್ತಲಾಗುವ ಮುನ್ನ ಅರಮನೆಯ ಮುಂದಿನ ಅಂಗಳದಲ್ಲಿ ನಿಂತಿರಬೇಕು. ಮೈಸೂರು ಪಾಕ್ ಕೊಳ್ಳುವುದಿದ್ದರೆ ಅದಕ್ಕೂ ಮುಂಚೆ ಸಯ್ಯಾಜಿರಾವ್ ರಸ್ತೆಯಲ್ಲಿ ಮುಗಿಸಿಕೊಳ್ಳಿ. ದೀಪ ಆರಿದ ಮೇಲೆ ಅಂಗಡಿಯ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಗ್ರಾಮಾಂತರ ಬಸ್ ನಿಲ್ದಾಣ ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆ, ಬೆಂಗಳೂರಿಗೆ ರಾತ್ರಿಯೂ ಬಸ್ಸುಗಳುಂಟು.