ಮನೆಗೆ ಬಂದ ನೆಂಟರಿಗೆ ಏನು ತೋರಿಸೋಣ?

ಉಮರ್ಗಾ, ನಿಲಂಗಾ, ಉದಗೀರ: ಎರಡು ದಿನಗಳ ಪ್ರವಾಸ

ದೀಪಾವಳಿ ಮುಗಿದು ಚಳಿ ಬಿದ್ದಿತೆಂದರೆ ಗಡಿಭಾಗದ ನಮ್ಮ ಕನ್ನಡ ಮನೆಗಳಿಗೆ ನೆಂಟರ ಬರವು ಆರಂಭವಾಗುತ್ತದೆ. ಧಾರವಾಡದ ಬೀಗರು ಬರುತ್ತಾರೆ. ಸೊಸೆಯ ತವರಿನವರು ಬರುತ್ತಾರೆ. ಕಲಬುರ್ಗಿಯಲ್ಲಿ ಓದುವ ಮೊಮ್ಮಕ್ಕಳು ಬರುತ್ತಾರೆ. ಊಟೋಪಚಾರ ಮುಗಿದು ಎಲೆ-ಅಡಿಕೆಯ ತಟ್ಟೆ ಮುಂದೆ ಬಂದಾಗ ಅವರು ಕೇಳುವ ಪ್ರಶ್ನೆ ಒಂದೇ: “ನಿಮ್ಮ ಕಡೆ ನೋಡೋವಂಥಾದ್ದು ಏನದ ರೀ?” ಈ ಪ್ರಶ್ನೆಗೆ ನಾವು ಅನೇಕ ವರ್ಷ ಕೊಡುತ್ತ ಬಂದ ಉತ್ತರವೂ ಒಂದೇ ಆಗಿತ್ತು: “ಇಲ್ಲೇನೈತಿ, ನಾಳೆ ಬಸವಕಲ್ಯಾಣಕ್ಕ ಹೋಗೋಣು, ಬೀದರದ ಕ್ವಾಟಿ ನೋಡೋಣು.”

ಹೋದ ವರ್ಷ ನಮ್ಮ ಮನೆಗೆ ಬಂದ ಬೀಗರು ನಿವೃತ್ತ ಶಿಕ್ಷಕರು. ಅವರು ಈ ಉತ್ತರಕ್ಕೆ ಒಪ್ಪಲಿಲ್ಲ. “ಬೀದರ ನಾವು ಕಂಡದ್ದೇ. ನಿಮ್ಮದು ತೋರಸ್ರಿ” ಎಂದು ಪಟ್ಟು ಹಿಡಿದರು. ಮರುದಿನ ಬೆಳಿಗ್ಗೆ ಅವರನ್ನೂ ಮೊಮ್ಮಗನನ್ನೂ ಕರೆದುಕೊಂಡು ಹೊರಟೆವು. ದಾರಿಯ ಒಂದು ಹಳ್ಳಿಯಲ್ಲಿ ಚಹಾಕ್ಕೆಂದು ನಿಂತಾಗ ಮಾರುತಿ ಗುಡಿಯ ಗೋಡೆಗೆ ಒರಗಿಸಿದ ಒಂದು ಕಲ್ಲನ್ನು ಬೀಗರು ಕಂಡರು. ಎಣ್ಣೆ ಬಣ್ಣ ಬಳಿದು ಅದರ ಮೈ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ತುದಿಯಲ್ಲಿ ಸೂರ್ಯ-ಚಂದ್ರ, ಅದರ ಕೆಳಗೆ ಸಾಲು ಸಾಲು ಅಕ್ಷರ. ಮೊಮ್ಮಗ ಬೆರಳಿಟ್ಟು ಕೇಳಿದ: “ಮುತ್ಯಾ, ಇದು ಮೋಡಿ ಏನು?” ಬೀಗರು ಬಗ್ಗಿ ನೋಡಿ, “ಅಲ್ಲಪ್ಪಾ, ಇದು ಕನ್ನಡ. ನಿಮ್ಮ ಮನಿಯೊಳಗ ಮಾತಾಡ್ತೀರಲ್ಲ, ಅದೇ” ಎಂದರು. ಆ ದಾರಿಯಲ್ಲಿ ನಾವು ನೂರಾರು ಸಲ ಓಡಾಡಿದ್ದೇವೆ. ಆ ಕಲ್ಲಿನ ಪಕ್ಕದಲ್ಲಿಯೇ ನಿಂತು ಚಹಾ ಕುಡಿದಿದ್ದೇವೆ. ಅಂದು ನಮಗಾದ ನಾಚಿಕೆಯೇ ಈ ಲೇಖನಕ್ಕೆ ಕಾರಣ.

ಹಳೆಯ ನಂಟು

ಉಮರ್ಗಾ, ನಿಲಂಗಾ, ಉದಗೀರಗಳು ಇಂದು ಮಹಾರಾಷ್ಟ್ರದ ಮರಾಠವಾಡಕ್ಕೆ ಸೇರಿದ ತಾಲೂಕು ಕೇಂದ್ರಗಳು. ಉಮರ್ಗಾ ಇರುವುದು 2023ರಲ್ಲಿ ಧಾರಾಶಿವವೆಂದು ಹೆಸರು ಬದಲಿಸಿಕೊಂಡ ಹಿಂದಿನ ಉಸ್ಮಾನಾಬಾದ ಜಿಲ್ಲೆಯಲ್ಲಿ. ಉಳಿದೆರಡು ಊರುಗಳಿರುವುದು 1982ರಲ್ಲಿ ರಚನೆಯಾದ ಲಾತೂರು ಜಿಲ್ಲೆಯಲ್ಲಿ. ಆದರೆ 1956ರ ನವೆಂಬರ 1ರ ವರೆಗೆ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು ಎಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಬಲ್ಲರು? ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಅಂದಿನ ಮೈಸೂರು ರಾಜ್ಯಕ್ಕೂ ಈ ಮೂರು ಮುಂಬಯಿ ರಾಜ್ಯಕ್ಕೂ ಹೋದವು. ಗಡಿ ಬಂದದ್ದು ನಿನ್ನೆ ಮೊನ್ನೆ. ನಂಟು ಬಹಳ ಹಳೆಯದು.

ಎಷ್ಟು ಹಳೆಯದೆಂದರೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯ ವರೆಗೆ ಹೇಳುತ್ತದೆ. ಗೋದಾವರಿ ಹರಿಯುವುದು ಉದಗೀರಕ್ಕೂ ಉತ್ತರದಲ್ಲಿ. ಮಾನ್ಯಖೇಟದ ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರು ಪುರದ ಒಡೆಯರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದಿನ ಲಾತೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅನಂತರ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಈ ಸೀಮೆ ರಾಜಧಾನಿಯ ಅಂಗಳವೇ ಆಗಿತ್ತು. ದೇವಗಿರಿಯ ಸೇವುಣರು ಬಂದಾಗಲೂ ಶಾಸನಗಳ ಕನ್ನಡ ನಿಲ್ಲಲಿಲ್ಲ.

ಇದನ್ನು ನಾವು ಯಾರ ಮೇಲೂ ಹಕ್ಕು ಸಾಧಿಸಲೆಂದು ಬರೆಯುತ್ತಿಲ್ಲ. ಮರಾಠಿ ಬಂಧುಗಳಿಗೂ ಈ ಕಲ್ಲು ನಮ್ಮಷ್ಟೇ ಸ್ವಂತದ್ದು. ನಮ್ಮ ಮನೆಯ ಅಂಗಳದಲ್ಲಿರುವುದನ್ನು ನಾವು ಅರಿತಿರಬೇಕೆಂಬುದಷ್ಟೇ ನಮ್ಮ ಮಾತು.

ಉಮರ್ಗಾ: ಹೆದ್ದಾರಿಯ ಬದಿಯ ದೇಗುಲ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲೆ ಉಮರ್ಗಾ ಇದೆ. ಬಸ್ಸಿನವರು ಇಲ್ಲಿ ಇಳಿದು ಚಹಾ ಕುಡಿದು ಮುಂದೆ ಸಾಗುತ್ತಾರೆ. ಊರಿನ ಹಳೆಯ ಮಹಾದೇವ ದೇಗುಲವನ್ನು ನೋಡಲು ಇಳಿಯುವವರು ವಿರಳ. ಕಪ್ಪು ಕಲ್ಲಿನ ಈ ಗುಡಿಯನ್ನು ಜನ ‘ಹೇಮಾಡಪಂತಿ’ ಎಂದು ಕರೆಯುತ್ತಾರೆ. ಈ ಹೆಸರಿನ ವಿಷಯವಾಗಿ ಒಂದು ಮಾತು ಹೇಳಬೇಕು.

ಹೇಮಾಡಪಂತ ಅಥವಾ ಹೇಮಾದ್ರಿ ಹದಿಮೂರನೆಯ ಶತಮಾನದವನು; ದೇವಗಿರಿಯ ಮಹಾದೇವ ಮತ್ತು ರಾಮಚಂದ್ರ ರಾಜರ ಮಂತ್ರಿ. ಸುಣ್ಣ-ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಎಲ್ಲ ಗುಡಿಗಳಿಗೂ ಮಹಾರಾಷ್ಟ್ರದಲ್ಲಿ ಆತನ ಹೆಸರು ಅಂಟಿಕೊಂಡಿತು. ಆದರೆ ಅವುಗಳಲ್ಲಿ ಎಷ್ಟೋ ಗುಡಿಗಳು ಆತ ಹುಟ್ಟುವುದಕ್ಕೂ ಮೊದಲೇ ಎದ್ದು ನಿಂತವು. ನಮ್ಮ ಸೀಮೆಯ ಗುಡಿಗಳನ್ನು ನೋಡುವಾಗ ಲಕ್ಕುಂಡಿಯ, ಇಟಗಿಯ, ಜಲಸಂಗ್ವಿಯ ಗುಡಿಗಳನ್ನು ನೆನಪಿಗೆ ತಂದುಕೊಳ್ಳಬೇಕು. ಆಗ ಇವು ಯಾವ ಮನೆತನದ ಮಕ್ಕಳೆಂಬುದು ತಾನಾಗಿ ತಿಳಿಯುತ್ತದೆ.

ಉಮರ್ಗಾದ ಉತ್ತರಕ್ಕೆ ಕಿಲ್ಲಾರಿಯಿದೆ. 1993ರ ಸೆಪ್ಟೆಂಬರ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಭೂಮಿ ನಡುಗಿತು. ಸರಕಾರದ ಲೆಕ್ಕದಲ್ಲಿಯೇ ಸುಮಾರು 8,000 ಜನ ತೀರಿಕೊಂಡರು. ಔಸಾ, ಉಮರ್ಗಾ ತಾಲೂಕುಗಳ ಹಳ್ಳಿಗಳು ಎಲ್ಲಕ್ಕಿಂತ ಹೆಚ್ಚು ನಲುಗಿದವು. ಮಣ್ಣಿನಲ್ಲಿ ಕಲ್ಲು ಕೂಡಿಸಿ ಕಟ್ಟಿದ ದಪ್ಪ ಗೋಡೆಗಳೂ, ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದವರ ಮೇಲೆಯೇ ಕುಸಿದವು. ಬದುಕಿ ಉಳಿದವರಿಗೆ ಬೇರೆ ಜಾಗದಲ್ಲಿ ಹೊಸ ಊರುಗಳನ್ನು ಕಟ್ಟಿಕೊಡಲಾಯಿತು. ಹಳೆಯ ಊರಿನೊಡನೆ ವಾಡೆಗಳು ಹೋದವು, ಅಗಸಿಗಳು ಹೋದವು, ಅಗಸಿಯ ಬದಿಯ ಕಲ್ಲುಗಳೂ ಹೋದವು. ಉಳಿದದ್ದನ್ನು ಉಳಿಸಿಕೊಳ್ಳುವ ಹೊಣೆ ನಮ್ಮ ಮೇಲೆ ಹೆಚ್ಚಾಗಿರುವುದು ಈ ಕಾರಣದಿಂದ.

ನಿಲಂಗಾ: ನೀಲಕಂಠೇಶ್ವರ

ಉಮರ್ಗಾದಿಂದ ಈಶಾನ್ಯಕ್ಕೆ ಸುಮಾರು ಒಂದು ತಾಸಿನ ದಾರಿ ಕ್ರಮಿಸಿದರೆ ನಿಲಂಗಾ. ಈ ಪ್ರವಾಸದ ಮುಕುಟಮಣಿ ಇಲ್ಲಿಯ ನೀಲಕಂಠೇಶ್ವರ ದೇಗುಲ. ಇದು ಹನ್ನೆರಡನೆಯ ಶತಮಾನದ ತ್ರಿಕೂಟ. ಎಂದರೆ ಒಂದೇ ಸಭಾಮಂಟಪಕ್ಕೆ ಮೂರು ಗರ್ಭಗುಡಿಗಳು. ಒಂದರಲ್ಲಿ ಶಿವಲಿಂಗ, ಒಂದರಲ್ಲಿ ವಿಷ್ಣು, ಇನ್ನೊಂದರಲ್ಲಿ ಹರ-ಗೌರಿಯರ ಮೂರ್ತಿ. ಶೈವ-ವೈಷ್ಣವರ ವಾದವನ್ನು ಆ ಕಾಲದ ಶಿಲ್ಪಿಗಳು ಒಂದೇ ಸೂರಿನಡಿ ತೀರಿಸಿಬಿಟ್ಟಿದ್ದಾರೆ.

ಗುಡಿಯ ಒಳಗೆ ಹೋಗುವ ಮೊದಲು ಒಂದು ಸುತ್ತು ಹೊರಗೆ ಬರಬೇಕು. ಗೋಡೆ ನೇರವಾಗಿಲ್ಲ, ನಕ್ಷತ್ರದಂತೆ ಮೂಲೆ ಮೂಲೆಯಾಗಿ ಒಡೆದಿದೆ. ಇದರ ಗುಟ್ಟು ಮಕ್ಕಳಿಗೆ ಸುಲಭವಾಗಿ ಹೇಳಿಕೊಡಬಹುದು. ಕಾಗದದ ಮೇಲೆ ಒಂದು ಚೌಕ ಬರೆಯಿರಿ. ಅದೇ ನಡುವಿನ ಚುಕ್ಕೆಯನ್ನು ಬಿಡದೆ ಚೌಕವನ್ನು ಸ್ವಲ್ಪ ತಿರುಗಿಸಿ ಮತ್ತೊಂದು ಬರೆಯಿರಿ; ಮತ್ತೂ ಸ್ವಲ್ಪ ತಿರುಗಿಸಿ ಇನ್ನೊಂದು. ಹೊರಗೆ ಚಾಚಿದ ಮೂಲೆಗಳನ್ನಷ್ಟೇ ಉಳಿಸಿ ಒಳಗಿನ ಗೆರೆಗಳನ್ನು ಅಳಿಸಿದರೆ ನಕ್ಷತ್ರ ಸಿದ್ಧ. ಇಷ್ಟು ಮೂಲೆಗಳೇಕೆಂದರೆ, ಹೊತ್ತು ಏರಿ ಇಳಿಯುವಾಗ ಪ್ರತಿಯೊಂದು ಮೂಲೆಯ ಮೇಲೂ ಬೆಳಕು-ನೆರಳು ಬೇರೆ ಬೇರೆಯಾಗಿ ಬೀಳುತ್ತದೆ. ನಡುವಿನ ಶಿಲ್ಪಗಳಿಗೆ ಜೀವ ಬರುತ್ತದೆ. ಆದುದರಿಂದ ಮಧ್ಯಾಹ್ನದ ಬಿಸಿಲಿಗಿಂತ ಬೆಳಗಿನ ಇಲ್ಲವೆ ಇಳಿಹೊತ್ತಿನ ಭೇಟಿ ಒಳ್ಳೆಯದು.

ನಿಲಂಗಾದಿಂದ ಔಸಾ ಕಡೆಗೆ ಹೋಗುವಾಗ ಖರೋಸಾ ಗುಡ್ಡವಿದೆ. ಬೀದರದ ಮನೆಗಳಲ್ಲಿ ನಾವು ಕಾಣುವ ಕೆಂಪು ಜಂಬಿಟ್ಟಿಗೆ ಕಲ್ಲಿನ ಜಾತಿಯದೇ ಈ ಗುಡ್ಡ. ಅದನ್ನು ಕೊರೆದು ಸುಮಾರು ಆರನೆಯ ಶತಮಾನದಲ್ಲಿ ಗುಹೆಗಳನ್ನು ಮಾಡಿದ್ದಾರೆ. ನರಸಿಂಹ, ಶಿವ-ಪಾರ್ವತಿ, ಕಾರ್ತಿಕೇಯ, ರಾವಣರ ಶಿಲ್ಪಗಳಿವೆ. ಈ ಕಲ್ಲು ಮೆತ್ತಗಿನದು, ರಂಧ್ರದ್ದು. ಮಳೆ-ಗಾಳಿಗೆ ಬೇಗ ಸವೆಯುತ್ತದೆ. ಅದಕ್ಕಾಗಿ ಇಲ್ಲಿಯ ಮುಖಗಳು ಮಸುಕಾಗಿವೆ. 1875-76ರಲ್ಲಿ ಜೇಮ್ಸ್ ಬರ್ಜೆಸ್ ಎಂಬ ಬ್ರಿಟಿಷ್ ವಿದ್ವಾಂಸ ಈ ಪ್ರಾಂತದಲ್ಲಿ ಸಂಚರಿಸಿ, ಬೀದರ ಮತ್ತು ಔರಂಗಾಬಾದ ಜಿಲ್ಲೆಗಳ ಪ್ರಾಚೀನ ಅವಶೇಷಗಳ ವರದಿಯನ್ನು 1878ರಲ್ಲಿ ಪ್ರಕಟಿಸಿದ. ಖರೋಸಾ ಅದರಲ್ಲಿದೆ. ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಸ್ಥಾನ ಪಡೆದ ಗುಡ್ಡ ನಮ್ಮ ಮನೆಯ ಮಾತಿನಲ್ಲಿ ಇನ್ನೂ ಸ್ಥಾನ ಪಡೆಯಬೇಕಾಗಿದೆ.

ಉದಗೀರ: ಕೋಟೆ ಮತ್ತು ಕಾಳಗ

ನಿಲಂಗಾದಿಂದ ಉದಗೀರಕ್ಕೆ ದೇವಣಿಯ ಮೇಲಿಂದ ಹೋಗುವುದು ಚೆನ್ನ. ಕಪ್ಪು-ಬಿಳುಪು ಮಚ್ಚೆಯ, ಜೋಲು ಕಿವಿಯ ದೇವಣಿ ತಳಿಯ ದನಗಳ ತವರೂರು ಇದು. ಉಳುಮೆಗೂ ಸೈ, ಹೈನಿಗೂ ಸೈ ಎನಿಸಿದ ಈ ತಳಿಯನ್ನು ಉದಗೀರ, ನಿಲಂಗಾ, ಅಹಮದಪುರಗಳಲ್ಲಿ ಸಾಕುವಂತೆಯೇ ಬೀದರ ಜಿಲ್ಲೆಯಲ್ಲಿಯೂ ಸಾಕುತ್ತಾರೆ. ದನಗಳಿಗೆ ಗಡಿಯ ನಕಾಶೆ ಗೊತ್ತಿಲ್ಲ!

ಉದಗೀರದ ಕೋಟೆ ಬಹಮನಿ ಕಾಲದ್ದು. ಸುಮಾರು 40 ಅಡಿ ಆಳದ ಕಂದಕ, ಒಳಗೆ ಮಹಲುಗಳು, ದರಬಾರು ಕಟ್ಟಡಗಳು, ಅರಬಿ ಮತ್ತು ಪಾರಸಿ ಶಾಸನಗಳು. ಬೀದರದ ಬರೀದಶಾಹಿಗಳು, ಅಹಮದನಗರದವರು, ಬಿಜಾಪುರದವರು ಇದಕ್ಕಾಗಿ ಕಾದಾಡಿದರು. 1636ರಲ್ಲಿ ಷಹಜಹಾನನ ಸೇನೆ ಗೆದ್ದುಕೊಂಡಿತು. ಇಷ್ಟೆಲ್ಲ ಸುಲ್ತಾನರ ಕೋಟೆಯೊಳಗೆ, ನೆಲಮಟ್ಟದಿಂದ ಬಹಳ ಕೆಳಗೆ, ಉದಯಗೀರ ಮಹಾರಾಜರ ಸಮಾಧಿ ಇದೆ. ಊರಿಗೆ ಹೆಸರು ಬಂದದ್ದು ಅವರಿಂದಲೇ ಎಂದು ಜನ ನಂಬುತ್ತಾರೆ. ಯಾರ ರಾಜ್ಯ ಬಂದರೂ ಆ ದೀಪ ಆರಿಲ್ಲ.

1760ರ ಫೆಬ್ರವರಿ 3ರಂದು ಈ ಪ್ರಾಂತದಲ್ಲಿ ಸದಾಶಿವರಾವ ಭಾವೂನ ಸೇನೆ ನಿಜಾಮನ ಸೇನೆಯನ್ನು ಸೋಲಿಸಿತು. ಸುಮಾರು 60 ಲಕ್ಷ ರೂಪಾಯಿ ಉತ್ಪನ್ನದ ಪ್ರದೇಶ ಪೇಶ್ವೆಯರ ಕೈ ಸೇರಿತು. ಬಿಟ್ಟುಕೊಟ್ಟ ಸ್ಥಳಗಳಲ್ಲಿ ನಮ್ಮ ಬಿಜಾಪುರವೂ ಒಂದು. ಇಬ್ರಾಹಿಂಖಾನ ಗಾರ್ದಿಯ ತೋಪುಗಳು ಈ ಗೆಲುವಿಗೆ ಮುಖ್ಯ ಕಾರಣವಾದವು. ಉದಗೀರದಲ್ಲಿ ಗೆದ್ದ ಭಾವೂನನ್ನೇ ಪೇಶ್ವೆ ಉತ್ತರಕ್ಕೆ ಕಳಿಸಿದ. ವರ್ಷ ತುಂಬುವುದರೊಳಗೆ, 1761ರ ಜನವರಿ 14ರಂದು, ಪಾಣಿಪತದಲ್ಲಿ ಭಾವೂ ಮಡಿದ. ಸೆರೆಸಿಕ್ಕ ಗಾರ್ದಿಯೂ ಉಳಿಯಲಿಲ್ಲ. ಕೋಟೆಯ ಮೇಲೆ ನಿಂತು ಈ ಕಥೆ ಹೇಳಿದಾಗ ಮೊಮ್ಮಗ ಬಹಳ ಹೊತ್ತು ಸುಮ್ಮನಾದ.

2022ರ ಏಪ್ರಿಲ್‌ನಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ 95ನೆಯ ಅಧಿವೇಶನ ನಡೆದದ್ದು ಇದೇ ಉದಗೀರದಲ್ಲಿ. ಊರು ತನ್ನ ನುಡಿಯನ್ನು ಹೇಗೆ ಮೆರೆಸಬೇಕೆಂಬುದನ್ನು ನಾವು ಅವರಿಂದ ಕಲಿಯಬೇಕು.

ಎಲ್ಲಕ್ಕಿಂತ ದೊಡ್ಡ ನೋಟ

ಕಲ್ಲು-ಕೋಟೆಗಳಿಗಿಂತ ಮಿಗಿಲಾದ ಒಂದು ಪರಂಪರೆ ಈ ಸೀಮೆಯಲ್ಲಿ ಉಸಿರಾಡುತ್ತಿದೆ. ಅದು ಎಳ್ಳಮಾವಾಸ್ಯೆ. ಲಾತೂರು, ಧಾರಾಶಿವ ಜಿಲ್ಲೆಗಳ ಮರಾಠಿ ರೈತರು ಇದನ್ನು ‘ವೇಳ ಅಮಾವಾಸ್ಯಾ’ ಎಂದೂ, ಹಳ್ಳಿಯ ಮಾತಿನಲ್ಲಿ ‘ಯೆಳವಸ’ ಎಂದೂ ಕರೆಯುತ್ತಾರೆ. ಮಹಾರಾಷ್ಟ್ರದ ಬೇರೆ ಕಡೆ ಈ ಹಬ್ಬವನ್ನು ಇಷ್ಟು ಸಂಭ್ರಮದಿಂದ ಆಚರಿಸುವುದಿಲ್ಲ. ನಮ್ಮ ಬೀದರ, ಕಲಬುರ್ಗಿಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ: ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ, ಕಣಿಕೆಯ ಕೊಂಪೆ ಕಟ್ಟಿ ಪಾಂಡವರನ್ನೂ ಲಕ್ಷ್ಮಿಯನ್ನೂ ಪೂಜಿಸುತ್ತಾರೆ, ಭಜ್ಜಿ, ಸಜ್ಜೆಯ ಉಂಡೆ, ಮಡಕೆಯ ಅಂಬಲಿ. ಬೆಳೆಗೆ ಅಂಬಲಿ ಚಿಮುಕಿಸುತ್ತ ಕೂಗುವ ಕೂಗಿನಲ್ಲಿ ಕನ್ನಡದ ಛಾಯೆ ಎದ್ದು ಕಾಣುತ್ತದೆ. ಕೂಗುವವರಿಗೆ ಅರ್ಥ ಮರೆತಿರಬಹುದು, ನಾಲಗೆ ಮರೆತಿಲ್ಲ. ನೆಂಟರನ್ನು ಕರೆಯುವುದಾದರೆ ಮಾರ್ಗಶಿರದ ಈ ಅಮಾವಾಸ್ಯೆಗೇ ಕರೆಯಿರಿ. ಆ ದಿನ ದಾರಿಯಲ್ಲಿ ಹೋಗುವವರನ್ನೂ ಊಟಕ್ಕೆ ಕೂಡಿಸುವುದು ಇಲ್ಲಿಯ ರೂಢಿ.

ಹೋಗುವ ದಾರಿ, ಮಾಡುವ ಕೆಲಸ

ಮೊದಲ ದಿನ ಉಮರ್ಗಾ, ನಿಲಂಗಾ, ಖರೋಸಾ. ಎರಡನೆಯ ದಿನ ದೇವಣಿ, ಉದಗೀರ. ರೈಲಿನಲ್ಲಿ ಬರುವವರಿಗೆ ಬೀದರದಿಂದ ಭಾಲ್ಕಿ, ಕಮಲನಗರಗಳ ಮೂಲಕ ಉದಗೀರಕ್ಕೆ ನೇರ ದಾರಿಯಿದೆ. 2017ರಲ್ಲಿ ಕಲಬುರ್ಗಿ-ಬೀದರ ರೈಲು ಆರಂಭವಾದ ಮೇಲೆ ಅತ್ತಲಿನವರಿಗೂ ಅನುಕೂಲವಾಗಿದೆ.

ಮಕ್ಕಳ ಕೈಯಲ್ಲಿ ಒಂದು ವಹಿ ಕೊಡಿ. ಕಲ್ಲಿನ ಮೇಲೆ ಸೂರ್ಯ-ಚಂದ್ರ, ಆಕಳು-ಕರು ಕಂಡರೆ ಅದು ದಾನಶಾಸನವಿರಬಹುದು. ಮೂರು ಅಂತಸ್ತಿನ ಚಿತ್ರ, ಎಂದರೆ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಪೂಜೆ ಇದ್ದರೆ ವೀರಗಲ್ಲು. ಶಕವರ್ಷ ಓದಲು ಬಂದರೆ ಅದಕ್ಕೆ 78 ಕೂಡಿಸಿ. ಚಾಲುಕ್ಯ ವಿಕ್ರಮ ವರ್ಷವಾದರೆ 1075 ಕೂಡಿಸಿ. ಸರಿಸುಮಾರು ಇಸವಿ ಸಿಗುತ್ತದೆ. ಆದರೆ ಕಲ್ಲನ್ನು ಉಜ್ಜಬೇಡಿ, ಸುಣ್ಣ-ಬಣ್ಣ ಬಳಿಯಲು ಬಿಡಬೇಡಿ. ಛಾಯಾಚಿತ್ರ ತೆಗೆದು ಪುರಾತತ್ವ ಇಲಾಖೆಗೂ ಹತ್ತಿರದ ಕಾಲೇಜಿನ ಇತಿಹಾಸ ಅಧ್ಯಾಪಕರಿಗೂ ತಿಳಿಸಿ. ನೆರೆಯ ನಾಂದೇಡ ಜಿಲ್ಲೆಯ ಶಾಸನಗಳನ್ನು 1968ರಲ್ಲಿ ಪುಸ್ತಕರೂಪಕ್ಕೆ ತಂದವರು ಶ್ರೀನಿವಾಸ ರಿತ್ತಿ ಮತ್ತು ಜಿ. ಸಿ. ಶೆಳಕೆ. ಒಬ್ಬರು ಕನ್ನಡದ ವಿದ್ವಾಂಸರು, ಇನ್ನೊಬ್ಬರು ಮರಾಠಿ ನೆಲದವರು. ಕಲ್ಲು ಓದಲು ಇಬ್ಬರೂ ಬೇಕಾಯಿತೆಂಬುದು ನಮಗೆ ಪಾಠ.

ನಮ್ಮ ಮೊಮ್ಮಗ ಶಾಲೆಯಲ್ಲಿ ಮರಾಠಿ ಓದುತ್ತಾನೆ. ಓದಲಿ, ಅದು ಅವನ ಅನ್ನದ ನುಡಿ. ಆದರೆ ಊರಿಗೆ ಮರಳುವಾಗ ಅವನು ಆ ಹಳ್ಳಿಯಲ್ಲಿ ಮತ್ತೆ ಗಾಡಿ ನಿಲ್ಲಿಸಲು ಹೇಳಿದ. ಬೀಗರು ತೋರಿಸಿಕೊಟ್ಟ ‘ಸ್ವಸ್ತಿ ಶ್ರೀ’ ಎಂಬ ಮೊದಲ ಅಕ್ಷರಗಳನ್ನು ವಹಿಯಲ್ಲಿ ನೋಡಿ ನೋಡಿ ಬರೆದುಕೊಂಡ. ಈಗ ಸಂಜೆ ಅವನಿಗೆ ಕನ್ನಡ ಕಾಗುಣಿತ ಕಲಿಸುತ್ತಿದ್ದೇವೆ. ಈ ವರ್ಷ ನೆಂಟರು ಬಂದು “ನೋಡೋವಂಥಾದ್ದು ಏನದ?” ಎಂದು ಕೇಳಿದರೆ ಉತ್ತರ ಹೇಳುವ ಕೆಲಸವನ್ನು ಅವನಿಗೇ ಬಿಟ್ಟಿದ್ದೇವೆ.