ಬಸವ ಎಂಬ ಹೆಸರು

ದೊಡವಾಡ, ಬೈಲಹೊಂಗಲ, ಕಿತ್ತೂರುಗಳ ಕಡೆ ಬಸಪ್ಪನಿಲ್ಲದ ಓಣಿ ಅಪರೂಪ. ಬಸವರಾಜ, ಬಸಯ್ಯ, ಬಸನಗೌಡ, ಬಸಲಿಂಗಪ್ಪ, ಬಸವಂತಪ್ಪ, ಬಸವಣ್ಣೆಪ್ಪ, ಹೆಣ್ಣುಮಕ್ಕಳಲ್ಲಿ ಬಸವ್ವ—ಎಲ್ಲವೂ ಒಂದೇ ಬೇರಿನ ಕವಲುಗಳು. ಆ ಬೇರು ಯಾವುದು, ಕವಲುಗಳು ಏನು ಹೇಳುತ್ತವೆ ಎಂಬುದನ್ನು ಇಂದು ವಿಚಾರಿಸೋಣ.

‘ಬಸವ’ ಎಂಬುದು ಸಂಸ್ಕೃತದ ‘ವೃಷಭ’ ಶಬ್ದದ ತದ್ಭವ. ವನವು ಬನವಾದಂತೆ ಇಲ್ಲಿ ಮೊದಲ ವಕಾರ ಬಕಾರವಾಯಿತು. ಭಾಷೆ ಬಾಸೆಯಾದಂತೆ ಷಕಾರ ಸಕಾರವಾಯಿತು. ಅರ್ಥ ಎತ್ತು, ಗೂಳಿ. ಶಿವನ ಮುಂದೆ ಕುಳಿತ ನಂದಿಯೂ ಬಸವಣ್ಣ, ನೊಗಕ್ಕೆ ಹೆಗಲು ಕೊಡುವ ಎತ್ತೂ ಬಸವಣ್ಣ. ಮಣ್ಣೆತ್ತಿನ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವ ರೈತನಿಗೆ ಈ ಎರಡರ ನಡುವೆ ಭೇದವಿಲ್ಲ. ದೈವ ಮತ್ತು ದುಡಿಮೆಗಳೆರಡನ್ನೂ ಒಂದೇ ಶಬ್ದ ಹೊತ್ತಿದೆ.

12ನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಂದ ಈ ಹೆಸರಿಗೆ ಹೊಸ ತೇಜಸ್ಸು ಬಂದಿತು. ನಮ್ಮ ಬೆಳಗಾವಿ ಜಿಲ್ಲೆಯದೇ ಆದ, ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ಅವರನ್ನು ‘ಬಸವರಾಜ’ ಎನ್ನುತ್ತದೆ. ಜನ ಮಾತ್ರ ‘ರಾಜ’ನಿಗಿಂತ ‘ಅಣ್ಣ’ನನ್ನೇ ಹೆಚ್ಚು ಮೆಚ್ಚಿದರು. ಗೌರವದ ಮಾತು ಹೆಸರಿಗೆ ಅಂಟಿಕೊಳ್ಳುವುದು ಬೇರೆಡೆಯೂ ಉಂಟು. ಸ್ಪ್ಯಾನಿಷ್ ಭಾಷೆಯಲ್ಲಿ ಸಂತನೆಂಬ ಅರ್ಥದ ಪದ ‘ಯಾಗೊ’ ಎಂಬ ಹೆಸರಿನೊಡನೆ ಬೆರೆತು ‘ಸಾಂತಿಯಾಗೊ’ ಆಗಿದೆ. ಅಲ್ಲಿ ಸೇರಿದ್ದು ಸಂತತ್ವ, ಇಲ್ಲಿ ಸೇರಿದ್ದು ಬಂಧುತ್ವ. ಬಸವಣ್ಣೆಪ್ಪ ಎಂಬ ಹೆಸರಿನಲ್ಲಂತೂ ಅಣ್ಣನ ಬೆನ್ನಿಗೆ ಅಪ್ಪನೂ ಬಂದಿದ್ದಾನೆ. ತೊಟ್ಟಿಲ ಕೂಸು ಇಬ್ಬರು ಹಿರಿಯರನ್ನು ಹೊತ್ತು ಮಲಗಿರುತ್ತದೆ!

ಆದರೆ ಈ ಕವಲುಗಳೆಲ್ಲ ಇಷ್ಟು ಮುಗ್ಧವಲ್ಲ. ಬಸಯ್ಯನೆಂದರೆ ಸಾಮಾನ್ಯವಾಗಿ ಜಂಗಮ, ಬಸನಗೌಡನೆಂದರೆ ಗೌಡರ ಮನೆತನದವನು ಎಂದು ನಮ್ಮ ಕಡೆ ಕೇಳಿದ ಕೂಡಲೇ ಊಹಿಸುತ್ತಾರೆ. ಇನ್ನು ‘ಬಸ್ಯಾ’ ಎಂಬ ರೂಪವಿದೆ. ತಾಯಿಯ ಬಾಯಲ್ಲಿ ಅದು ಮುದ್ದು, ಗೆಳೆಯನ ಬಾಯಲ್ಲಿ ಸಲಿಗೆ. ಅದೇ ಕೂಗು ನರೆತ ತಲೆಯ ಆಳುಮಗನನ್ನು ಕುರಿತು ಜಗಲಿಯ ಮೇಲಿಂದ ಬಂದರೆ ಅದು ಅಂತಸ್ತಿನ ಅಳತೆಗೋಲು. ನಾನು ಚಿಕ್ಕಂದಿನಿಂದ ಈ ಮೂರೂ ಬಗೆಯನ್ನು ಕೇಳಿದ್ದೇನೆ. ಶಬ್ದ ಒಂದೇ, ಕರೆಯುವವನ ಮನಸ್ಸು ಬೇರೆ.

ಮೇಲುಕೀಳನ್ನು ಅಳಿಸಹೊರಟವರ ಹೆಸರಿನಲ್ಲಿಯೇ ನಾವು ಮೇಲುಕೀಳನ್ನು ಉಳಿಸಿಕೊಂಡಿದ್ದೇವೆ. ವೃಷಭವು ಬಸವನಾದುದು ವ್ಯಾಕರಣದ ನಿಯಮದಿಂದ. ಬಸವನು ಬಸವಣ್ಣನಾಗುವುದೋ ಬಸ್ಯಾ ಆಗುವುದೋ ಎಂಬುದನ್ನು ನಿರ್ಧರಿಸುವವರು ನಾವೇ.