‘ನಾಯಿ ಇದೆ, ಎಚ್ಚರಿಕೆ!’ – ಎಚ್ಚರ ಯಾರಿಗೆ?

ಪಟ್ಟಣದ ಯಾವುದೇ ಬಡಾವಣೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಒಂದಾದರೂ ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಈ ಫಲಕ ಇಂದು ನಿನ್ನೆಯದಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಇಟಲಿಯ ಪಾಂಪೇ ನಗರದ ಒಂದು ಮನೆಯ ಬಾಗಿಲಲ್ಲಿ ಚಿಕ್ಕ ಚಿಕ್ಕ ಕಲ್ಲುಗಳನ್ನು ಜೋಡಿಸಿ ಮಾಡಿದ ನಾಯಿಯ ಚಿತ್ರವೊಂದು ಸಿಕ್ಕಿದೆ. ಸರಪಳಿ ಕಟ್ಟಿದ, ಹಲ್ಲು ಕಿರಿದ ನಾಯಿ. ಕೆಳಗೆ ‘ಕಾವೆ ಕಾನೆಂ’ ಎಂಬ ಲ್ಯಾಟಿನ್ ಬರಹ. ಅರ್ಥ ಅದೇ: ನಾಯಿ ಇದೆ, ಎಚ್ಚರಿಕೆ.

ಫಲಕದ ಮಾತು ಹೊರಗಿನವರಿಗೆ. ಹಾಲು ಹಾಕುವವನು, ಪೇಪರ್ ಹುಡುಗ, ಮನೆಗೆಲಸದಾಕೆ, ಅಂಚೆಯವನು, ಮೀಟರ್ ನೋಡಲು ಬರುವವನು ತಮ್ಮ ಜೋಪಾನ ತಾವು ಮಾಡಿಕೊಳ್ಳಬೇಕು, ಆಮೇಲೆ ಯಜಮಾನನನ್ನು ಕೇಳಬಾರದು ಎಂಬುದು ಅದರ ಒಳಧ್ವನಿ. ಆದರೆ ಕಾನೂನಿನ ಇತಿಹಾಸವನ್ನು ನೋಡಿದರೆ ಮಾತು ತಿರುಗುಮುರುಗಾಗಿದೆ. ನಾಯಿ ಕಚ್ಚಿದಾಗ ಅದು ಮೊದಲು ಕೇಳುವುದು ದಾರಿಹೋಕನನ್ನಲ್ಲ, ಸಾಕಿದವನನ್ನು.

ಮಣ್ಣಿನ ಫಲಕದ ಕಾನೂನು

ಇಂದಿನ ಇರಾಕಿನಲ್ಲಿ, ಬಾಗ್ದಾದಿನ ಆಸುಪಾಸಿನಲ್ಲಿ, ಎಶ್ನುನ್ನಾ ಎಂಬ ರಾಜ್ಯವಿತ್ತು. ಕ್ರಿ.ಪೂ. 18ನೆಯ ಶತಮಾನದ ಅದರ ಕಾನೂನುಗಳು ಮಣ್ಣಿನ ಫಲಕಗಳ ಮೇಲೆ ಉಳಿದುಬಂದಿವೆ. ಅವುಗಳಲ್ಲಿ ನಾಯಿಯ ಕುರಿತೇ ಒಂದು ನಿಯಮವಿದೆ. ನಾಯಿ ಅಪಾಯಕಾರಿ ಎಂದು ಊರಿನ ಅಧಿಕಾರಿಗಳು ಯಜಮಾನನಿಗೆ ತಿಳಿಸಿದ್ದೂ ಅವನು ಅದನ್ನು ಹದ್ದುಬಸ್ತಿನಲ್ಲಿ ಇಡದೆ, ಅದು ಕಚ್ಚಿ ಮನುಷ್ಯ ಸತ್ತರೆ, ಯಜಮಾನನು 40 ಶೆಕೆಲ್ ಬೆಳ್ಳಿ ತೆರಬೇಕು. ಸತ್ತವನು ಗುಲಾಮನಾದರೆ 15 ಶೆಕೆಲ್. ಒಂದು ಶೆಕೆಲ್ ಎಂದರೆ ಸುಮಾರು 8 ಗ್ರಾಂ.

ಮನುಷ್ಯನ ಪ್ರಾಣಕ್ಕೆ ಎರಡು ಬೆಲೆ ಕಟ್ಟಿದ ಆ ಕಾಲದ ಅನ್ಯಾಯ ಹಾಗಿರಲಿ. ಇಲ್ಲಿ ಗಮನಿಸಬೇಕಾದುದು ನಿಯಮದ ಹಿಂದಿನ ತರ್ಕ. ನಾಯಿಗೆ ತಪ್ಪು ಒಪ್ಪು ತಿಳಿಯದು, ಆದ್ದರಿಂದ ವಿಚಾರಣೆ ಅದರದಲ್ಲ. ಯಜಮಾನನಿಗೆ ಅಪಾಯ ಗೊತ್ತಿತ್ತೇ, ಗೊತ್ತಿದ್ದೂ ಸುಮ್ಮನಿದ್ದನೇ ಎಂಬ ಎರಡೇ ಪ್ರಶ್ನೆಗಳು ಮುಖ್ಯ.

ರೋಮನ್ನರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರಾಣಿಯಿಂದ ಹಾನಿಯಾದರೆ ಯಜಮಾನ ನಷ್ಟ ಕಟ್ಟಿಕೊಡಬೇಕು, ಇಲ್ಲವೇ ಆ ಪ್ರಾಣಿಯನ್ನೇ ನೊಂದವನಿಗೆ ಒಪ್ಪಿಸಬೇಕು ಎಂಬುದು ಅವರ ಹಳೆಯ ನಿಯಮ. ಮುಂದೆ ಮಾರುಕಟ್ಟೆ, ರಸ್ತೆಗಳ ಉಸ್ತುವಾರಿಯ ಅಧಿಕಾರಿಗಳು ಜನ ಓಡಾಡುವ ಜಾಗದಲ್ಲಿ ನಾಯಿ, ಕಾಡುಹಂದಿ, ಕರಡಿ, ಸಿಂಹ ಮುಂತಾದವನ್ನು ಅಪಾಯವಾಗುವಂತೆ ಇಟ್ಟುಕೊಳ್ಳಬಾರದೆಂದು ವಿಧಿಸಿದರು. ವಸ್ತುಗಳಿಗೆ ಹಾನಿಯಾದರೆ ನಷ್ಟದ ಎರಡರಷ್ಟು ತೆರಬೇಕಿತ್ತು. ಸಿಂಹದ ಸಾಲಿನಲ್ಲೇ ನಾಯಿಯ ಹೆಸರೂ ಇದೆ ಎಂಬುದು ಸ್ವಾರಸ್ಯ.

ನಮ್ಮ ಧರ್ಮಶಾಸ್ತ್ರಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಕೋರೆಹಲ್ಲು ಅಥವಾ ಕೊಂಬುಳ್ಳ ಪ್ರಾಣಿಯಿಂದ ಒಬ್ಬನನ್ನು ಬಿಡಿಸುವ ಶಕ್ತಿಯಿದ್ದೂ ಅದರ ಒಡೆಯ ಬಿಡಿಸದಿದ್ದರೆ ಅವನಿಗೆ ದಂಡ, ಸಿಕ್ಕಿಬಿದ್ದವನು ಕೂಗಿಕೊಂಡರೂ ಬಾರದಿದ್ದರೆ ದಂಡ ಇಮ್ಮಡಿ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಈ ಸ್ಮೃತಿಗೆ ‘ಮಿತಾಕ್ಷರ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಇದ್ದವನು.

ಜಾತಿಯದೋ, ಸಾಕಿದವನದೋ?

ಇಂಗ್ಲೆಂಡಿನಲ್ಲಿ ಬಹುಕಾಲ ನಡೆದದ್ದು ‘ಮೊದಲ ಕಡಿತ ಮಾಫಿ’ ಎಂದು ಜನರು ಕರೆಯುತ್ತಿದ್ದ ನ್ಯಾಯ. ನಾಯಿ ಅಪಾಯಕಾರಿ ಎಂದು ಯಜಮಾನನಿಗೆ ಮೊದಲೇ ಗೊತ್ತಿದ್ದರೆ ಮಾತ್ರ ಅವನು ಹೊಣೆ. ಇಲ್ಲಿ ಗೇಟಿನ ಫಲಕ ಯಜಮಾನನಿಗೇ ತಿರುಗುಬಾಣವಾಗಬಹುದು. ಅಪಾಯ ಗೊತ್ತಿರದೆ ‘ಎಚ್ಚರಿಕೆ’ ಎಂದು ಬರೆಸಿದ್ದೇಕೆ ಎಂದು ವಕೀಲರು ಕೇಳಬಹುದಲ್ಲ!

1991ರಲ್ಲಿ ಬ್ರಿಟನ್ನಿನಲ್ಲಿ ನಾಯಿದಾಳಿಗಳು ಒಂದರ ಹಿಂದೆ ಒಂದು ನಡೆದು ಜನ ರೊಚ್ಚಿಗೆದ್ದಾಗ ಸರ್ಕಾರ ಅವಸರದಲ್ಲಿ ಅಪಾಯಕಾರಿ ನಾಯಿಗಳ ಕಾಯಿದೆಯನ್ನು ತಂದಿತು. ಪಿಟ್ ಬುಲ್ ಟೆರಿಯರ್, ಜಪಾನಿನ ಟೋಸಾ, ಡೋಗೋ ಅರ್ಜೆಂಟೀನೋ, ಫಿಲಾ ಬ್ರೆಸಿಲೈರೋ ಎಂಬ ನಾಲ್ಕು ಬಗೆಯ ನಾಯಿಗಳ ಮೇಲೆ ನಿರ್ಬಂಧ ಬಿತ್ತು. ದಾಳಿಗಳು ನಿಲ್ಲಲಿಲ್ಲ. ಎಕ್ಸ್‌ಎಲ್ ಬುಲ್ಲಿ ಎಂಬ ಹೊಸ ಬಗೆ ಬಂತು. 2024ರ ಫೆಬ್ರುವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ವಿನಾಯಿತಿ ಪತ್ರವಿಲ್ಲದೆ ಅದನ್ನೂ ಸಾಕುವಂತಿಲ್ಲ. ಇತ್ತ ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್ ಬುಲ್ ಮಾದರಿಯ ನಾಯಿಗಳನ್ನು ನಿಷೇಧಿಸಿ, ಕಡಿತಗಳು ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಆ ನಿಷೇಧವನ್ನು ಕೈಬಿಡಲು ತೀರ್ಮಾನಿಸಿತು.

ಹಾಗಾದರೆ ತಳಿಗೆ ಅರ್ಥವೇ ಇಲ್ಲವೇ? ಇದೆ. ತಳಿಗಳನ್ನು ಮಾಡಿದವನು ಮನುಷ್ಯ, ಅದೂ ತನ್ನ ಕೆಲಸಕ್ಕಾಗಿ. ರಾಟ್‌ವೀಲರ್ ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರ ನಾಯಿ. ಪಿಟ್ ಬುಲ್‌ನ ಪೂರ್ವಜರು ಗೂಳಿಯ ಮೇಲೆ ಛೂಬಿಟ್ಟು ಮೋಜು ನೋಡಲು ಬೆಳೆಸಿದವು. 1835ರಲ್ಲಿ ಬ್ರಿಟನ್ ಆ ಆಟವನ್ನು ನಿಷೇಧಿಸಿದ ಮೇಲೆ ಜೂಜುಕೋರರು ಗುಟ್ಟಾಗಿ ನಾಯಿಗೆ ನಾಯಿಯನ್ನೇ ಕಾದಾಟಕ್ಕೆ ಬಿಟ್ಟರು. ‘ಪಿಟ್’ ಎಂದರೆ ಆ ಕಾದಾಟದ ಕಣ.

ಆದರೂ ತಳಿಯ ಹೆಸರಿನಿಂದಲೇ ಒಂದು ನಾಯಿಯ ಸ್ವಭಾವವನ್ನು ಹೇಳಲಾಗದು. 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಕಲೆಹಾಕಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಯಿಯಿಂದ ನಾಯಿಗೆ ಕಾಣುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ. ಹೀಗೆಂದು ದೊಡ್ಡ ನಾಯಿಯೂ ಚಿಕ್ಕ ನಾಯಿಯೂ ಒಂದೇ ಎಂದಲ್ಲ. ಪೊಮೆರೇನಿಯನ್ ಕಚ್ಚಿದರೆ ಗಾಯವಾದೀತು. ಐವತ್ತು ಕಿಲೋ ತೂಗುವ ನಾಯಿ ಮಗುವಿನ ಕತ್ತಿಗೆ ಬಾಯಿ ಹಾಕಿದರೆ ಪ್ರಾಣವೇ ಹೋದೀತು. ನಾಯಿಯ ಬಲ ಹೆಚ್ಚಿದಷ್ಟೂ ಸಾಕುವವನ ಹೊಣೆ ಹೆಚ್ಚುತ್ತದೆ.

ನಾಯಿ ಕೆಡುವುದು ಹೇಗೆ?

ಮರಿಗೆ ಮೂರು ವಾರ ತುಂಬಿದಾಗಿನಿಂದ ಸುಮಾರು ಹನ್ನೆರಡು ವಾರದವರೆಗಿನ ಅವಧಿ ಬಹುಮುಖ್ಯ. ಆಗ ಅದು ಬಗೆಬಗೆಯ ಜನರನ್ನು, ಮಕ್ಕಳನ್ನು, ಸದ್ದುಗಳನ್ನು ಕಂಡರೆ ಮುಂದೆ ಅವಕ್ಕೆ ಅಂಜುವುದಿಲ್ಲ. ಆ ವಯಸ್ಸಿನಲ್ಲಿ ಗೂಡಿನಲ್ಲೋ ಮಹಡಿಯ ಮೇಲೋ ಒಂಟಿಯಾಗಿ ಬೆಳೆದ ಮರಿ ದೊಡ್ಡದಾದಾಗ ಅಪರಿಚಿತರನ್ನೆಲ್ಲ ಶತ್ರುಗಳೆಂದು ಎಣಿಸಬಹುದು. ಹಗಲಿಡೀ ಸರಪಳಿಯಲ್ಲಿ ಬಿಗಿಯುವುದು, ಹೊಡೆಯುವುದು, ‘ರೋಷ ಬರಲಿ’ ಎಂದು ಕೆಣಕುವುದು ಇವೆಲ್ಲ ಸೇರಿದರೆ ನಾಯಿ ಕೆಟ್ಟಂತೆಯೇ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಮನುಷ್ಯರಿಗೆ ಒಪ್ಪುತ್ತದೆ, ನಾಯಿಗಳಿಗಲ್ಲ. ಗುರ್ ಎನ್ನುವುದು, ಮೈ ಸೆಟೆಸಿ ನಿಲ್ಲುವುದು, ದಿಟ್ಟಿಸುವುದು ಎಲ್ಲವೂ ಮುನ್ಸೂಚನೆಗಳೇ. ಗುರುಗುಟ್ಟಿದ್ದಕ್ಕೆ ಹೊಡೆದರೆ ನಾಯಿ ಗುರುಗುಟ್ಟುವುದನ್ನು ಬಿಟ್ಟೀತು, ಅದರ ಅಂಜಿಕೆ ಹೋಗದು. ಆಮೇಲೆ ಸೂಚನೆ ಕೊಡದೆಯೇ ಕಚ್ಚೀತು.

ನಮ್ಮ ಕಾನೂನು

ಬೀದಿನಾಯಿಗಳ ಸಮಸ್ಯೆ ಬೇರೆಯೇ. ಅದಕ್ಕೆ ಬೇರೆ ನಿಯಮಗಳಿವೆ. ಸಾಕಿದ ನಾಯಿಯ ವಿಷಯದಲ್ಲಿ 1860ರ ಭಾರತೀಯ ದಂಡಸಂಹಿತೆಯ 289ನೆಯ ಕಲಮು, ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದ ವ್ಯಕ್ತಿಗೆ ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ ಎಂದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ಮಾತು 291ನೆಯ ಕಲಮಿನಲ್ಲಿದೆ. ಸಜೆ ಅಷ್ಟೇ, ದಂಡದ ಮಿತಿ 5,000 ರೂಪಾಯಿಗೆ ಏರಿದೆ. ಗಮನಿಸಿ, ಇಲ್ಲಿ ತಳಿಯ ಹೆಸರೇ ಇಲ್ಲ, ಇರುವುದು ಯಜಮಾನನ ಅಜಾಗರೂಕತೆ. ಕಚ್ಚಿದ ಮೇಲಷ್ಟೇ ಅಪರಾಧವೆಂದೂ ಅಲ್ಲ, ಸಂಭವನೀಯ ಅಪಾಯವನ್ನು ತಡೆಯಲು ಎಚ್ಚರ ವಹಿಸದಿರುವುದೇ ತಪ್ಪು.

ತಳಿಯ ದಾರಿಯನ್ನು ನಮ್ಮಲ್ಲೂ ಹಿಡಿದು ನೋಡಿದ್ದುಂಟು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿ, ರಾಟ್‌ವೀಲರ್, ಪಿಟ್ ಬುಲ್ ಸೇರಿ 23 ತಳಿಗಳ ಮಾರಾಟಕ್ಕೆ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ಸೂಚಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಲಾಗಿದೆ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ಸುತ್ತೋಲೆ ಹೋಯಿತು, ಸಾಕಿದವನ ಹೊಣೆ ಹೋಗಲಿಲ್ಲ.

ಆ ಹೊಣೆ ಬಾಗಿಲಿನ ಚಿಲಕದಷ್ಟು ಸಣ್ಣ ಸಂಗತಿಗಳಿಂದಲೇ ಆರಂಭವಾಗುತ್ತದೆ. ಗೇಟು ಸರಿಯಾಗಿ ಹಾಕಿರಬೇಕು. ಹೊರಗೆ ಕರೆದೊಯ್ಯುವಾಗ ಬೆಲ್ಟು ಹಿಡಿದವರು ನಾಯಿಯನ್ನು ತಡೆಯಬಲ್ಲವರಾಗಿರಬೇಕು, ಎಳೆಯ ಮಗುವಿನ ಕೈಗೆ ಕೊಡಬಾರದು. ಸಿಟ್ಟಿನ ನಾಯಿಯಾದರೆ ಬಾಯಿಗೆ ಕುಕ್ಕೆ ಹಾಕಬೇಕು. ಪುರಸಭೆಯ ಅಥವಾ ಪಾಲಿಕೆಯ ಪರವಾನಗಿ ಪಡೆಯಬೇಕು, ರೇಬೀಸ್ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಬೇಕು. ಎಷ್ಟೇ ಸಾಧುವೆನಿಸಿದರೂ ಪುಟ್ಟ ಮಕ್ಕಳ ಜೊತೆ ನಾಯಿಯೊಂದನ್ನೇ ಬಿಟ್ಟು ಹೋಗಬಾರದು. ಕಚ್ಚಿದ್ದೇ ಆದರೆ ಗಾಯವನ್ನು ಹದಿನೈದು ನಿಮಿಷ ಸೋಪು, ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಎಂಥ ಫಲಕ ಹಾಕಿದರೂ ಅಕ್ಷರ ಬಾರದ ಕೂಲಿಯವನಿಗೆ, ಚೆಂಡು ಹುಡುಕುತ್ತ ಕಾಂಪೌಂಡಿನೊಳಕ್ಕೆ ನುಗ್ಗುವ ನಾಲ್ಕು ವರ್ಷದ ಮಗುವಿಗೆ ಅದು ತಲುಪದು. ಅವರ ಪಾಲಿಗೆ ಇರುವ ರಕ್ಷಣೆ ಒಂದೇ: ಫಲಕ ಬರೆಸಿದವನ ಎಚ್ಚರ.